ಕುದುರೆಯ ಮುಂಗಾಲಿನ ನರಗಳು: ಹೆಗಲಿನಿಂದ ಗೊರಸಿನವರೆಗೆ

ಪ್ರಶ್ನೆ: ನಾವು ಕಾರವಾರದ ಬಳಿಯವರು. ಮದುವೆಯ ದಿಬ್ಬಣಕ್ಕೂ ಕಡಲತೀರದ ಸವಾರಿಗೂ ಒಂದು ಕುದುರೆಯನ್ನು ಸಾಕಿದ್ದೇವೆ. ಒಂದು ತಿಂಗಳ ಹಿಂದೆ ಪಟಾಕಿಯ ಸದ್ದಿಗೆ ಬೆದರಿ ಓಡಿದಾಗ ಅದರ ಎಡ ಹೆಗಲಿನ ಮುಂಭಾಗ ಚಿರೆಕಲ್ಲಿನ ಪಾಗಾರದ ಮೂಲೆಗೆ ಜೋರಾಗಿ ಬಡಿಯಿತು. ನಾಲ್ಕೈದು ದಿನ ಕುಂಟಿತು, ಆಮೇಲೆ ಸುಮಾರಾಗಿ ನಡೆಯಿತು. ಆದರೆ ಈಗ ಹೆಗಲಿನ ಮಾಂಸ ಇಳಿದುಹೋಗಿ ನಡುವಿನ ಎಲುಬು ಎದ್ದು ಕಾಣುತ್ತಿದೆ. ಕಾಲು ಊರಿದಾಗ ಹೆಗಲು ಹೊರಕ್ಕೆ ಜರುಗಿದಂತೆ ತೋರುತ್ತದೆ. ಒಬ್ಬರು ನರ ಹರಿದಿದೆ ಎನ್ನುತ್ತಾರೆ, ಇನ್ನೊಬ್ಬರು ನರ ಎಳೆದಿದೆ, ಬರೆ ಹಾಕಿಸಿ ಎನ್ನುತ್ತಾರೆ. ಹಿಂದೊಮ್ಮೆ ಇದೇ ಕಾಲಿನ ಗೊರಸಿನ ಹತ್ತಿರ ವೈದ್ಯರು ಚುಚ್ಚುಮದ್ದು ಕೊಟ್ಟಾಗ, ಕುಂಟುತ್ತಿದ್ದ ಕುದುರೆ ಹತ್ತು ನಿಮಿಷದಲ್ಲಿ ನೆಟ್ಟಗೆ ನಡೆದು, ತಾಸೆರಡು ತಾಸಿನ ಬಳಿಕ ಮತ್ತೆ ಕುಂಟಿತ್ತು. ಅದೇ ಚುಚ್ಚುಮದ್ದನ್ನು ಈಗ ಹೆಗಲಿಗೆ ಕೊಡಿಸಬಹುದೇ? ಮುಂಗಾಲಿನ ನರಗಳು ಯಾವುವು, ಎಲ್ಲೆಲ್ಲಿ ಹಾಯುತ್ತವೆ ಎಂಬುದನ್ನು ವಿವರವಾಗಿ ತಿಳಿಸಿ.

ಉತ್ತರ: ಮೊದಲು 'ನರ' ಎಂಬ ಮಾತನ್ನೇ ಬಿಡಿಸಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ಈ ಒಂದು ಶಬ್ದ ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಚರ್ಮದಡಿ ಉಬ್ಬಿ ಕಾಣುವ ರಕ್ತನಾಳವೂ ನರ, ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಬಿಗಿದ ಹಗ್ಗದಂತೆ ಕೈಗೆ ಸಿಗುವ ಸ್ನಾಯುರಜ್ಜುವೂ ನರ, ಬೆನ್ನುಹುರಿಯಿಂದ ಹೊರಟು ಸ್ನಾಯುಗಳಿಗೆ ಅಪ್ಪಣೆಯನ್ನು ಒಯ್ಯುವ, ಚರ್ಮದಿಂದಲೂ ಕೀಲಿನಿಂದಲೂ ಅರಿವನ್ನು ತರುವ ನಿಜವಾದ ನರವೂ ನರ. ಕುದುರೆಯ ಕಾಲಿನಲ್ಲಿ 'ನರ ಎಳೆದಿದೆ' ಎನ್ನುವವರು ಸಾಮಾನ್ಯವಾಗಿ ಬೆರಳಿಟ್ಟು ತೋರಿಸುವುದು ಸ್ನಾಯುರಜ್ಜುವನ್ನು. ಅದು ಬೇರೆಯೇ ಕಾಯಿಲೆ, ಬೇರೆಯೇ ಉಪಚಾರ. ನಿಮ್ಮ ಕುದುರೆಯ ಮಟ್ಟಿಗೆ ಮಾತ್ರ, ನೀವು ಬರೆದ ಲಕ್ಷಣಗಳನ್ನು ನೋಡಿದರೆ, ಪೆಟ್ಟು ಬಿದ್ದಿರುವುದು ನಿಜವಾದ ನರಕ್ಕೇ ಎಂದು ತೋರುತ್ತದೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭವಾಗುತ್ತದೆ. ಕುದುರೆಯ ಮುಂಗಾಲಿನ ನರಗಳಿಗೆ ಮೊಣಕಾಲೇ ಗಡಿ. ನಾವು ಮೊಣಕಾಲು ಎನ್ನುವುದು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಕುದುರೆಯ ನಿಜವಾದ ಮೊಣಕೈ ಎದೆಗೂಡಿನ ಪಕ್ಕದಲ್ಲಿ ಮೇಲೆಯೇ ಇದೆ. ಈ ಗಡಿಯ ಮೇಲ್ಗಡೆ ಸ್ನಾಯುಗಳು ತುಂಬಿರುವುದರಿಂದ ಅಲ್ಲಿಯ ನರಗಳಲ್ಲಿ ಬಹುಪಾಲು ಅಪ್ಪಣೆ ಒಯ್ಯುವಂಥವು. ಗಡಿಯ ಕೆಳಗಡೆ ಕೆಲಸಕ್ಕೆ ಬರುವ ಸ್ನಾಯು ಒಂದೂ ಇಲ್ಲ. ಎಲುಬು, ರಜ್ಜು, ಚರ್ಮ, ಗೊರಸು, ಇಷ್ಟೇ. ಆದ್ದರಿಂದ ಅಲ್ಲಿಯ ನರಗಳ ಮುಖ್ಯ ಕೆಲಸ ಅರಿವನ್ನು ಮೇಲಕ್ಕೆ ಒಯ್ಯುವುದು. ಮೇಲಿನ ನರ ಕೆಟ್ಟರೆ ಕಾಲಿನ ಆಕಾರವೂ ನಿಲುವೂ ಕೆಡುತ್ತವೆ, ನೋವು ಇರಲೂಬಹುದು ಇಲ್ಲದಿರಲೂಬಹುದು. ಕೆಳಗಿನ ನರವನ್ನು ನಿಲ್ಲಿಸಿದರೆ ನಡಿಗೆಯ ಶಕ್ತಿಗೆ ಏನೂ ಆಗುವುದಿಲ್ಲ, ಅರಿವು ಮಾತ್ರ ಹೋಗುತ್ತದೆ. ನೀವು ಕೇಳಿದ ಎರಡು ಪ್ರಶ್ನೆಗಳು ಈ ಗಡಿಯ ಆಚೆಗೊಂದು, ಈಚೆಗೊಂದು ಇವೆ.

ನರಗಳ ಹುಟ್ಟನ್ನು ನೋಡೋಣ. ಕುದುರೆಯ ಕುತ್ತಿಗೆಯಲ್ಲಿ ಮಣಿಗಳು 7, ಆದರೆ ಕುತ್ತಿಗೆಯ ನರಜೋಡಿಗಳು 8. ಎಂಟನೆಯದು ಕುತ್ತಿಗೆಯ ಕೊನೆಯ ಮಣಿಗೂ ಎದೆಯ ಮೊದಲ ಮಣಿಗೂ ನಡುವಿನಿಂದ ಹೊರಡುತ್ತದೆ. ಮುಂಗಾಲಿಗೆ ಬರುವುದು ಕುತ್ತಿಗೆಯ 6, 7, 8ನೆಯ ನರಗಳ ಮತ್ತು ಎದೆಯ 1, 2ನೆಯ ನರಗಳ ಕೆಳಕವಲುಗಳು. ಈ ಐದೂ ಕುತ್ತಿಗೆಯ ಬುಡದಲ್ಲಿ ಸ್ಕೇಲೀನಸ್ ಎಂಬ ಸ್ನಾಯುವಿನ ಎರಡು ಭಾಗಗಳ ನಡುವಿನಿಂದ ಹೊರಬಂದು, ಮೊದಲ ಪಕ್ಕೆಲುಬಿನ ಮುಂದೆ, ಕಂಕುಳಿನಲ್ಲಿ ಒಂದು ಜಾಲವಾಗಿ ಸೇರುತ್ತವೆ. ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ಐದು ಎಳೆಗಳನ್ನು ಸೇರಿಸಿ, ನಾರುಗಳನ್ನು ಬಿಡಿಸಿ, ಮತ್ತೆ ಹತ್ತು ಹನ್ನೆರಡು ಬೇರೆ ಹುರಿಗಳಾಗಿ ಹೊಸೆದರೆ, ಹೊರಡುವ ಪ್ರತಿಯೊಂದು ಹುರಿಯಲ್ಲಿಯೂ ಎರಡು ಮೂರು ಮೂಲ ಎಳೆಗಳ ನಾರು ಸೇರಿರುತ್ತದೆ. ಹೀಗಾಗಿ ಬೇರಿನಲ್ಲಿ ಆದ ಒಂದು ಗಾಯ ಕಾಲಿನ ಹಲವು ಸ್ನಾಯುಗಳನ್ನು ಅರ್ಧಂಬರ್ಧ ಬಲಹೀನಗೊಳಿಸುತ್ತದೆ. ಹುರಿಯಲ್ಲಿ ಆದ ಗಾಯವಾದರೋ ಕೆಲವೇ ಸ್ನಾಯುಗಳನ್ನು ಪೂರ್ತಿಯಾಗಿ ನಿಲ್ಲಿಸುತ್ತದೆ. ನಿಮ್ಮ ಕುದುರೆಯಲ್ಲಿ ಕಾಣುತ್ತಿರುವುದು ಎರಡನೆಯ ಬಗೆ.

ಕುದುರೆಗೆ ಕೊರಳೆಲುಬು, ಅಂದರೆ ನಮ್ಮಲ್ಲಿ ಎದೆಯ ಮೇಲ್ತುದಿಯಿಂದ ಹೆಗಲಿಗೆ ಅಡ್ಡವಾಗಿ ಹೋಗುವ ಎಲುಬು, ಇಲ್ಲ ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು. ಮುಂಗಾಲು ಮೈಗೆ ಯಾವ ಕೀಲಿನಿಂದಲೂ ಜೋಡಣೆಯಾಗಿಲ್ಲ. ಬರೀ ಸ್ನಾಯುಗಳ ತೊಟ್ಟಿಲಿನಲ್ಲಿ ಎದೆಗೂಡು ಎರಡು ಹೆಗಲುಗಳ ನಡುವೆ ತೂಗಿದೆ. ಓಟದ ಪೆಟ್ಟನ್ನು ನುಂಗಲು ಇದು ಒಳ್ಳೆಯ ಏರ್ಪಾಡು. ಆದರೆ ಹೆಗಲನ್ನು ಯಾವುದಾದರೂ ವಸ್ತು ಹಿಂದಕ್ಕೆ ತಳ್ಳಿದಾಗ ಅದನ್ನು ತಡೆದು ನಿಲ್ಲಿಸುವ ಎಲುಬು ಇಲ್ಲದ್ದರಿಂದ, ಹೆಗಲಿನೊಂದಿಗೆ ಹೋಗುವ ನರಗಳೇ ಜಗ್ಗಿಕೊಳ್ಳುತ್ತವೆ.

ಹಾಗೆ ಜಗ್ಗಿಕೊಳ್ಳುವುದರಲ್ಲಿ ಮೊದಲನೆಯದು ಸುಪ್ರಾಸ್ಕ್ಯಾಪುಲರ್ ನರ. ಇದು ಹೆಚ್ಚಾಗಿ ಕುತ್ತಿಗೆಯ 6 ಮತ್ತು 7ನೆಯ ನರಗಳಿಂದ ಹುಟ್ಟಿ, ಹೆಗಲೆಲುಬಿನ ಒಳಬದಿಯಿಂದ ಹೊರಟು, ಆ ಎಲುಬಿನ ಮುಂಬದಿಯ ಅಂಚನ್ನು ಸುತ್ತಿಕೊಂಡು ಹೊರಬದಿಗೆ ಬರುತ್ತದೆ. ಹೆಗಲೆಲುಬು ಒಂದು ಅಗಲವಾದ ಹಲಗೆ. ಅದರ ಹೊರಮುಖದ ನಡುವೆ ಉದ್ದಕ್ಕೆ ಒಂದು ಏಣು ಇದೆ. ಏಣಿನ ಮುಂದಿನ ತಗ್ಗನ್ನು ಸುಪ್ರಾಸ್ಪಿನೇಟಸ್ ಸ್ನಾಯುವೂ, ಹಿಂದಿನ ತಗ್ಗನ್ನು ಇನ್ಫ್ರಾಸ್ಪಿನೇಟಸ್ ಸ್ನಾಯುವೂ ತುಂಬಿವೆ. ಎರಡಕ್ಕೂ ಅಪ್ಪಣೆ ತರುವುದು ಈ ಒಂದೇ ನರ. ಎಲುಬಿನ ಅಂಚನ್ನು ಸುತ್ತುವ ತಿರುವಿನಲ್ಲಿ ಅದು ಎಲುಬಿಗೆ ತೀರ ಒತ್ತಿಕೊಂಡೇ ಹಾಯುತ್ತದೆ. ಪಾಗಾರದ ಮೂಲೆ ನಿಮ್ಮ ಕುದುರೆಗೆ ಬಡಿದದ್ದು ಬಹುಶಃ ಅಲ್ಲಿಯೇ. ಎತ್ತುಗಳನ್ನು ಹೂಡಿ ಬಲ್ಲ ರೈತರಿಗೆ ಈ ರೋಗ ಅಷ್ಟಾಗಿ ಪರಿಚಯವಿಲ್ಲ, ಏಕೆಂದರೆ ನೊಗ ಕುಳಿತುಕೊಳ್ಳುವುದು ಹಿಣಿಲಿನ ಮುಂದೆ, ಕುತ್ತಿಗೆಯ ಮೇಲೆ. ಬಂಡಿಯ ಕುದುರೆಗೆ ಹಾಕುವ ಕೊರಳಪಟ್ಟಿಯಾದರೋ ಹೆಗಲೆಲುಬಿನ ಮುಂದಿನ ಅಂಚಿಗೇ ಆನಿಕೊಳ್ಳುತ್ತದೆ. ಕುದುರೆಗಳಿಂದ ಉಳುಮೆ ಮಾಡಿಸುತ್ತಿದ್ದ ದೇಶಗಳಲ್ಲಿ ಅಳತೆಗೆ ಕೂಡದ ಕೊರಳಪಟ್ಟಿಯಿಂದ ಈ ನರ ನಜ್ಜುಗುಜ್ಜಾಗುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದಕ್ಕೆ 'ಸ್ವೀನಿ' ಎಂಬ ಬೇರೆ ಹೆಸರೇ ಇಂಗ್ಲಿಷಿನಲ್ಲಿ ರೂಢಿಯಾಯಿತು.

ನರದ ಅಪ್ಪಣೆ ನಿಂತ ಸ್ನಾಯು ಕೂಡಲೇ ಕರಗುವುದಿಲ್ಲ. ಮೊದಲ ಹತ್ತು ಹನ್ನೆರಡು ದಿನ ಹೆಗಲು ಮೇಲ್ನೋಟಕ್ಕೆ ಮೊದಲಿನಂತೆಯೇ ಇರುತ್ತದೆ, ಪೆಟ್ಟಿನ ಬಾವು ಬೇರೆ ಇರುವುದರಿಂದ ತುಂಬಿದಂತೆಯೂ ಕಾಣಬಹುದು. ಎರಡು ವಾರ ದಾಟಿದ ಮೇಲೆ ಏಣಿನ ಹಿಂದೂ ಮುಂದೂ ತಗ್ಗು ಬಿದ್ದು ಎಲುಬು ಎದ್ದು ಕಾಣತೊಡಗುತ್ತದೆ. ಅಷ್ಟರಲ್ಲಿ ಪೆಟ್ಟಿನ ನೋವು ಇಳಿದಿರುವುದರಿಂದ, ಕುಂಟು ಕಡಿಮೆಯಾಗುತ್ತಿದ್ದಂತೆಯೇ ಮಾಂಸ ಇಳಿಯುವ ವಿಚಿತ್ರವನ್ನು ಮನೆಯವರು ಕಾಣುತ್ತಾರೆ. ನೀವು ಬರೆದದ್ದೂ ಇದನ್ನೇ. ಈ ನರ ಚರ್ಮಕ್ಕೆ ಕವಲು ಕೊಡುವುದಿಲ್ಲವಾದ್ದರಿಂದ ಚರ್ಮದ ಅರಿವು ಹಾಗೆಯೇ ಉಳಿದಿರುತ್ತದೆ. ಇನ್ನು ಹೆಗಲು ಹೊರಕ್ಕೆ ಜರುಗುವುದರ ಕಾರಣ ಹೀಗಿದೆ: ಮುಂಗಾಲಿನ ಬೇರೆ ಕೀಲುಗಳ ಎರಡೂ ಪಕ್ಕದಲ್ಲಿ ಬಿಗಿದ ಕಟ್ಟುಗಳಿರುತ್ತವೆ, ಕುದುರೆಯ ಹೆಗಲ ಕೀಲಿಗೆ ಅಂಥ ಪಕ್ಕದ ಕಟ್ಟುಗಳಿಲ್ಲ. ಹೊರಬದಿಯಲ್ಲಿ ಆ ಕೆಲಸವನ್ನು ಇನ್ಫ್ರಾಸ್ಪಿನೇಟಸ್ ಸ್ನಾಯುವಿನ ರಜ್ಜುವೇ ಮಾಡುತ್ತದೆ. ಅದು ಸಡಿಲಗೊಂಡರೆ, ಮೈಭಾರ ಬಿದ್ದ ಕ್ಷಣದಲ್ಲಿ ತೋಳೆಲುಬಿನ ತಲೆ ಹೊರಕ್ಕೆ ಜಾರಿ, ಭಾರ ಇಳಿದಾಗ ಮತ್ತೆ ಒಳಕ್ಕೆ ಬರುತ್ತದೆ.

ಕಂಕುಳಿನ ಜಾಲದಿಂದ ಹೊರಡುವ ಇತರ ಹಲವು ನರಗಳನ್ನು ಬೇಗ ಹೇಳಿ ಮುಗಿಸಬಹುದು. ಸಬ್‌ಸ್ಕ್ಯಾಪುಲರ್ ನರ ಹೆಗಲೆಲುಬಿನ ಒಳಮುಖದ ಸ್ನಾಯುವಿಗೆ ಹೋಗುತ್ತದೆ. ಎದೆಯ ಸ್ನಾಯುಗಳಿಗೆ, ಬೆನ್ನಿನಿಂದ ತೋಳಿಗೆ ಬರುವ ಅಗಲ ಸ್ನಾಯುವಿಗೆ, ಎದೆಗೂಡನ್ನು ತೂಗುವ ಸೆರೇಟಸ್ ಸ್ನಾಯುವಿಗೆ ಬೇರೆ ಬೇರೆ ನರಗಳಿವೆ. ಆಕ್ಸಿಲರಿ ನರ ಹೆಗಲ ಕೀಲಿನ ಹಿಂದಿನಿಂದ ಹೊರಬದಿಗೆ ಹಾಯ್ದು, ಆ ಕೀಲನ್ನು ಮಡಿಸುವ ಡೆಲ್ಟಾಯ್ಡ್ ಮತ್ತು ಟೆರೀಸ್ ಸ್ನಾಯುಗಳನ್ನು ನಡೆಸಿ, ಮುಂದೋಳಿನ ಮೇಲ್ಭಾಗದ ಚರ್ಮಕ್ಕೆ ಒಂದು ಕವಲನ್ನು ಕೊಡುತ್ತದೆ. ಮಸ್ಕ್ಯುಲೋಕ್ಯುಟೇನಿಯಸ್ ನರದ್ದು ಸ್ವಲ್ಪ ಸ್ವಾರಸ್ಯದ ದಾರಿ: ಅದು ಕಂಕುಳಿನ ದೊಡ್ಡ ಅಪಧಮನಿಯ ಸುತ್ತ ಕುಣಿಕೆಯಂತೆ ಬಳಸಿ ಮೀಡಿಯನ್ ನರವನ್ನು ಕೂಡಿಕೊಂಡು, ತೋಳಿನ ನಡುವಿನವರೆಗೂ ಜೊತೆಯಾಗಿ ಹೋಗಿ, ಅಲ್ಲಿ ಮತ್ತೆ ಬೇರೆಯಾಗುತ್ತದೆ. ಮೊಣಕೈಯನ್ನು ಮಡಿಸುವ ಬೈಸೆಪ್ಸ್ ಮತ್ತು ಬ್ರೇಕಿಯಾಲಿಸ್ ಇದರ ಅಧೀನ. ಕೊನೆಗೆ ಉಳಿಯುವ ಚರ್ಮದ ಕವಲು ಮುಂದೋಳಿನ ಒಳಬದಿಯಿಂದ ಇಳಿದು, ಮೊಣಕಾಲಿನ ಕೆಳಗೂ ಮುಂಬದಿಯ ಚರ್ಮದಲ್ಲಿ ಮುಂದುವರಿಯುತ್ತದೆ.

ಇಡೀ ಮುಂಗಾಲಿನಲ್ಲಿ ಕಳೆದುಕೊಂಡರೆ ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ರೇಡಿಯಲ್ ನರವನ್ನು. ಮುಖ್ಯವಾಗಿ ಕುತ್ತಿಗೆಯ 8 ಮತ್ತು ಎದೆಯ 1ನೆಯ ನರಗಳಿಂದ ಹುಟ್ಟುವ ಇದು ತೋಳೆಲುಬಿನ ಹಿಂದಿನಿಂದ ಸುತ್ತಿ, ಆ ಎಲುಬಿನ ತಿರುಚು ಕಾಲುವೆಯಲ್ಲಿ ಹೊರಬದಿಗೆ ಬಂದು, ಮೊಣಕೈಯ ಮುಂದೆ ಇಳಿಯುತ್ತದೆ. ಮೊಣಕೈಯನ್ನು ನೇರಗೊಳಿಸುವ ಟ್ರೈಸೆಪ್ಸ್, ಮೊಣಕಾಲನ್ನು ನೇರಗೊಳಿಸುವ ಸ್ನಾಯುಗಳು, ಗೊರಸನ್ನು ಮುಂದಕ್ಕೆ ಚಾಚುವ ಸ್ನಾಯುಗಳು, ಇವೆಲ್ಲವೂ ಈ ಒಂದು ನರವನ್ನೇ ನಂಬಿಕೊಂಡಿವೆ. ಅದು ತೋಳಿನ ಮೇಲ್ಭಾಗದಲ್ಲಿ ನಿಂತಿತೆಂದರೆ ಮೊಣಕೈ ಜೋತುಬೀಳುತ್ತದೆ, ಮೊಣಕಾಲು ಅರ್ಧ ಮಡಿಸಿಕೊಂಡಿರುತ್ತದೆ, ಗೊರಸಿನ ಮುಂತುದಿ ನೆಲಕ್ಕೆ ತಾಗಿ ಎಳೆಯುತ್ತದೆ, ಭಾರ ಹೊರಲು ಕಾಲು ಒಪ್ಪುವುದಿಲ್ಲ. ಪರೀಕ್ಷೆಗೆ ಒಂದು ಹಳೆಯ ಉಪಾಯವಿದೆ: ಆ ಮೊಣಕಾಲನ್ನು ಕೈಯಿಂದ ಹಿಂದಕ್ಕೆ ಒತ್ತಿ ನೇರವಾಗಿ ಹಿಡಿದರೆ, ಬರೀ ನರದ ತೊಂದರೆಯಿರುವ ಕುದುರೆ ಆ ಕಾಲಿನ ಮೇಲೆ ಸ್ವಲ್ಪ ಭಾರ ಹಾಕುತ್ತದೆ, ತೋಳೆಲುಬೋ ಮೊಣಕೈಯ ತುದಿಯೆಲುಬೋ ಮುರಿದಿದ್ದರೆ ನೋವಿನಿಂದ ಕೊಸರಿಕೊಳ್ಳುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುವುದರಿಂದ, ಮೊಣಕೈ ಜೋತ ಕುದುರೆಯನ್ನು ನಡೆಸಿ ನೋಡುವ ಮೊದಲು ಎಲುಬು ಗಟ್ಟಿಯಾಗಿದೆಯೇ ಎಂದು ತಿಳಿದುಕೊಳ್ಳಲೇಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಮೇಲಿನ ಒಂದು ಊರಿನಲ್ಲಿ ಗಂಡು ಕುದುರೆಯೊಂದನ್ನು ಬೀಜ ತೆಗೆಯಲು ಕೆಡವಿದ್ದೆವು. ಕೆಡವಿದ್ದು ಗಟ್ಟಿ ಅಂಗಳದಲ್ಲಿ. ಕೆಲಸ ಮುಗಿದು ಅದು ಎದ್ದು ನಿಂತಾಗ, ಕೆಳಗಾಗಿದ್ದ ಮಗ್ಗುಲಿನ ಮುಂಗಾಲಿನ ಮೊಣಕೈ ಜೋತುಬಿದ್ದಿತ್ತು. ಎಲುಬೇ ಮುರಿಯಿತೆಂದು ನನ್ನ ಎದೆ ಧಸಕ್ಕೆಂದಿತು. ಆಗಿದ್ದದ್ದು ಇಷ್ಟೇ: ಮೈಯ ಭಾರವೆಲ್ಲ ತೋಳಿನ ಮೇಲೆ ಬಿದ್ದು, ರೇಡಿಯಲ್ ನರವೂ ಅದರ ಸುತ್ತಲಿನ ಸ್ನಾಯುವೂ ಎಲುಬಿಗೂ ನೆಲಕ್ಕೂ ನಡುವೆ ಒತ್ತಿಹೋಗಿದ್ದವು. ಮೂರನೆಯ ದಿನದ ಹೊತ್ತಿಗೆ ಕಾಲು ಮೊದಲಿನಂತಾಯಿತು. ಅಂದಿನಿಂದ ನಾನು ಕುದುರೆಯನ್ನು ಕೆಡವುವುದಿದ್ದರೆ ಮೊಳದೆತ್ತರ ಬತ್ತದ ಹುಲ್ಲು ಹಾಸಿಸುತ್ತಿದ್ದೆ, ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದು ಇಡಿಸುತ್ತಿದ್ದೆ. ಹಾಗೆ ಎಳೆದಿಟ್ಟರೆ ಆ ಒತ್ತಡ ಬಹಳಷ್ಟು ತಪ್ಪುತ್ತದೆ. ನಿಮ್ಮ ಕರಾವಳಿಯಲ್ಲಾದರೆ ಹೊಯ್ಗೆಯೇ ಇದೆ, ಅದಕ್ಕಿಂತ ಒಳ್ಳೆಯ ಹಾಸಿಗೆ ಬೇಡ.

ತೋಳಿನ ಹಿಂಬದಿಗೂ ಒಳಬದಿಗೂ ಸೇರಿದ ಎರಡು ನರಗಳು ಮೀಡಿಯನ್ ಮತ್ತು ಅಲ್ನರ್. ಮೀಡಿಯನ್ ನರ ಅಪಧಮನಿಯ ಜೊತೆಗೆ ತೋಳಿನ ಒಳಬದಿಯಿಂದ ಇಳಿದು, ಮೊಣಕೈಯ ಒಳಕಟ್ಟಿನ ಮೇಲೆ ಹಾಯುತ್ತದೆ. ಅಲ್ನರ್ ನರ ಮೊಣಕೈಯ ಹಿಂದಿನಿಂದ ಹೋಗಿ, ಮುಂದೋಳಿನ ಹಿಂಬದಿಯಲ್ಲಿ ಎರಡು ಸ್ನಾಯುಗಳ ನಡುವಿನ ಗೆರೆಯಲ್ಲಿ ಇಳಿಯುತ್ತದೆ. ಮೊಣಕಾಲಿನ ಹಿಂದೆ ಚಾಚಿಕೊಂಡಿರುವ ಚಿಕ್ಕ ಎಲುಬಿನಿಂದ ಸುಮಾರು 10 ಸೆಂಟಿಮೀಟರ್ ಮೇಲೆ ಆ ಗೆರೆ ಬೆರಳಿಗೆ ಸಿಗುತ್ತದೆ. ಇವೆರಡೂ ಮೊಣಕಾಲನ್ನೂ ಗೊರಸನ್ನೂ ಮಡಿಸುವ ಸ್ನಾಯುಗಳನ್ನು ಹಂಚಿಕೊಂಡಿವೆ. ಹೀಗೆ ಹಂಚಿಕೊಂಡಿರುವುದರಿಂದಲೇ ಇವುಗಳಲ್ಲಿ ಒಂದು ಕೆಟ್ಟರೆ ನಡಿಗೆ ಅಷ್ಟೇನೂ ಕೆಡುವುದಿಲ್ಲ. ಕಾಲನ್ನು ಎತ್ತುವಾಗ ಕೊಂಚ ಬಿರುಸು ಕಂಡೀತು, ಅಷ್ಟೇ. ಇವುಗಳ ನಿಜವಾದ ಮಹತ್ವ ಮೊಣಕಾಲಿನ ಗಡಿಯನ್ನು ದಾಟಿದ ಮೇಲೆ.

ಇಲ್ಲಿ ದನಕ್ಕೂ ಕುದುರೆಗೂ ಇರುವ ವ್ಯತ್ಯಾಸವನ್ನು ಹೇಳದೆ ಮುಂದೆ ಹೋಗಲಾಗದು. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳ, ಹೊನ್ನಾವರಗಳಿರುವ ನಮ್ಮ ಜಿಲ್ಲೆಯಲ್ಲಿ ಇಂದು ಕುದುರೆ ಅಪರೂಪದ ಪ್ರಾಣಿ. ನಮ್ಮ ಕೈಗೆ ಪಳಗಿದ್ದು ಆಕಳು, ಎಮ್ಮೆ. ದನದಲ್ಲಿ ರೇಡಿಯಲ್ ನರದ ಒಂದು ಕವಲು ಗೊರಸಿನವರೆಗೂ ಇಳಿದು ಪಾದದ ಮುಂಬದಿಗೆ ಅರಿವನ್ನು ಕೊಡುತ್ತದೆ. ಕುದುರೆಯಲ್ಲಿ ಆ ನರದ ಚರ್ಮದ ಕವಲು ಮುಂದೋಳಿನಲ್ಲೇ ಮುಗಿದುಹೋಗುತ್ತದೆ. ಕುದುರೆಯ ಕ್ಯಾನನ್ ಎಲುಬಿನ, ಅಂದರೆ ಮೊಣಕಾಲಿನಿಂದ ಅದರ ಕೆಳಗಿನ ಫೆಟ್ಲಾಕ್ ಎಂಬ ಕೀಲಿನವರೆಗಿನ ಎಲುಬಿನ, ಮುಂಬದಿಯ ಚರ್ಮದಲ್ಲಿ ಒಳಪಕ್ಕವನ್ನು ಮಸ್ಕ್ಯುಲೋಕ್ಯುಟೇನಿಯಸ್ ನರದ ಕವಲೂ, ಹೊರಪಕ್ಕವನ್ನು ಅಲ್ನರ್ ನರದ ಮೇಲ್ಕವಲೂ ನೋಡಿಕೊಳ್ಳುತ್ತವೆ. ದನದ ಕಾಲಿನ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುದುರೆಯ ಕಾಲಿಗೆ ಸೂಜಿ ಹಾಕಿದರೆ ಔಷಧ ವ್ಯರ್ಥವಾಗುತ್ತದೆ.

ಕೆಳಗಿನ ಕಾಲಿನ ಉಳಿದ ಭಾಗವೆಲ್ಲ ಮೀಡಿಯನ್ ಮತ್ತು ಅಲ್ನರ್ ನರಗಳದ್ದು. ಮೊಣಕಾಲಿನ ಸ್ವಲ್ಪ ಮೇಲೆ ಮೀಡಿಯನ್ ನರ ಎರಡಾಗಿ ಸೀಳುತ್ತದೆ. ಒಂದು ಕವಲು ಒಳಪಾಮರ್ ನರವಾಗಿ ('ಪಾಮರ್' ಎಂದರೆ ಅಂಗೈ ಕಡೆಯ, ಇಲ್ಲಿ ಕಾಲಿನ ಹಿಂಬದಿಯ) ಮೊಣಕಾಲಿನ ಹಿಂದಿನ ಸುರಂಗದಿಂದ ಇಳಿಯುತ್ತದೆ. ಇನ್ನೊಂದು ಅಲ್ನರ್ ನರದ ಕವಲನ್ನು ಕೂಡಿಕೊಂಡು ಹೊರಪಾಮರ್ ನರವಾಗುತ್ತದೆ. ಇವೆರಡೂ ಹಿಂಬದಿಯ ಸ್ನಾಯುರಜ್ಜುಗಳ ಎರಡು ಪಕ್ಕಗಳಲ್ಲಿ ಕೆಳಗಿಳಿಯುತ್ತವೆ. ಕ್ಯಾನನ್ ಎಲುಬಿನ ಸುಮಾರು ನಡುವಿನಲ್ಲಿ ಒಳನರದಿಂದ ಒಂದು ತೆಳು ಕವಲು ಹೊರಟು, ರಜ್ಜುವಿನ ಹಿಂಬದಿಯ ಮೇಲೆ ಓರೆಯಾಗಿ ಇಳಿದು, ಹೊರನರವನ್ನು ಸೇರುತ್ತದೆ. ತೆಳುಚರ್ಮದ ಕುದುರೆಯ ಕಾಲನ್ನು ಎತ್ತಿ ಹಿಡಿದು ಅಲ್ಲಿ ಬೆರಳಾಡಿಸಿದರೆ ದಾರದಂಥ ಈ ಕವಲು ಉರುಳುವುದು ತಿಳಿಯುತ್ತದೆ. ಇದರ ಲೆಕ್ಕ ತಪ್ಪಿ, ಅದಕ್ಕಿಂತ ಮೇಲೆ ಹೊರನರವೊಂದನ್ನೇ ಮರಗಟ್ಟಿಸಿದರೆ, ಹೊರಬದಿಯ ನೋವಿನ ಸುದ್ದಿ ಈ ಅಡ್ಡದಾರಿಯಿಂದ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ವೈದ್ಯರು ರೋಗ ಇನ್ನೂ ಮೇಲಿದೆ ಎಂದು ತಪ್ಪು ತಿಳಿಯುತ್ತಾರೆ. ಇವಲ್ಲದೆ ಎಲುಬಿಗೆ ಇನ್ನೂ ಹತ್ತಿರವಾಗಿ, ಆಳದಲ್ಲಿ, ಪಾಮರ್ ಮೆಟಾಕಾರ್ಪಲ್ ಎಂಬ ಎರಡು ಸಣ್ಣ ನರಗಳು ಇಕ್ಕೆಲದ ಕಡ್ಡಿಯೆಲುಬುಗಳ ಬದಿಯಿಂದ ಇಳಿಯುತ್ತವೆ.

ಫೆಟ್ಲಾಕ್ ಕೀಲಿನ ಹತ್ತಿರ ಪಾಮರ್ ನರಗಳು ಡಿಜಿಟಲ್, ಅಂದರೆ ಬೆರಳಿನ, ನರಗಳೆಂಬ ಹೆಸರಿನಿಂದ ಗೊರಸಿನ ಕಡೆಗೆ ಇಳಿಯುತ್ತವೆ. ಅಲ್ಲಿ ಮುಂದಿನಿಂದ ಹಿಂದಕ್ಕೆ ಅಭಿಧಮನಿ, ಅಪಧಮನಿ, ನರ ಎಂಬ ಕ್ರಮದಲ್ಲಿ ಮೂರೂ ಒಟ್ಟಿಗೆ ಇರುತ್ತವೆ. ಅಪಧಮನಿಯ ಮಿಡಿತವನ್ನು ಬೆರಳಿನಲ್ಲಿ ಹಿಡಿದರೆ ನರ ಅದರ ಹಿಂದೆಯೇ ಇದೆ ಎಂದು ತಿಳಿಯಬಹುದು. ಮೋಸಗೊಳಿಸುವ ಒಂದು ವಸ್ತುವೂ ಅಲ್ಲಿದೆ: ಫೆಟ್ಲಾಕಿನ ಹಿಂದೆ ಚರ್ಮದಲ್ಲಿರುವ ಕೊಂಬಿನಂಥ ಸಣ್ಣ ಗಂಟಿನಿಂದ ಓರೆಯಾಗಿ ಕೆಳಕ್ಕೆ ಹಾಯುವ ತೆಳುವಾದ ಬಿಳಿ ಕಟ್ಟು. ಅದು ನರಕ್ಕಿಂತ ಹೊರಪದರದಲ್ಲಿದ್ದು ನರದ ಮೇಲೆಯೇ ಅಡ್ಡ ಹಾಯುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನು ಅಂಗವಿಚ್ಛೇದನದ ಮೇಜಿನ ಮೇಲೆ ಅದನ್ನೇ ನರವೆಂದು ಜೋಪಾನವಾಗಿ ಬಿಡಿಸಿ ಗುರುಗಳಿಗೆ ತೋರಿಸಿ ಬೈಸಿಕೊಂಡದ್ದುಂಟು.

ಹಿಂದಿನ ಸಲದ ಚುಚ್ಚುಮದ್ದಿನ ವಿಷಯ ಈಗ ತಾನಾಗಿ ತಿಳಿಯುತ್ತದೆ. ಅದು ರೋಗ ವಾಸಿಮಾಡುವ ಮದ್ದಾಗಿರಲಿಲ್ಲ. ನೋವು ಎಲ್ಲಿದೆ ಎಂದು ಹುಡುಕುವ ಪರೀಕ್ಷೆಯಾಗಿತ್ತು. ವೈದ್ಯರು ಗೊರಸಿನ ಮೇಲಂಚಿನ ಹತ್ತಿರ ಎರಡೂ ಪಕ್ಕದ ಡಿಜಿಟಲ್ ನರಗಳ ಬಳಿ ಲಿಗ್ನೊಕೇನಿನಂಥ ಅರಿವಳಿಕೆಯನ್ನು ಒಂದೂವರೆ ಎರಡು ಮಿಲಿಲೀಟರಿನಷ್ಟು ಹಾಕಿರಬೇಕು. ಐದು ಹತ್ತು ನಿಮಿಷದಲ್ಲಿ ಹಿಮ್ಮಡಿಯ ಅರಿವು ಹೋಯಿತು, ನೋವು ತಿಳಿಯದಾಯಿತು, ಕುದುರೆ ನೆಟ್ಟಗೆ ನಡೆಯಿತು. ಎಂದರೆ ನೋವು ಗೊರಸಿನೊಳಗೆ, ಬಹುತೇಕ ಅದರ ಹಿಂಭಾಗದಲ್ಲಿತ್ತು. ಔಷಧದ ಬಲ ಇಳಿದ ಮೇಲೆ ಮತ್ತೆ ಕುಂಟಿದ್ದು ಸಹಜ. ಇಂಥ ಪರೀಕ್ಷೆಯನ್ನು ಯಾವಾಗಲೂ ಕೆಳಗಿನಿಂದ ಆರಂಭಿಸಿ ಒಂದೊಂದೇ ಹಂತ ಮೇಲಕ್ಕೆ ಏರಬೇಕು, ಏಕೆಂದರೆ ಮೇಲೆ ಒಮ್ಮೆ ಮರಗಟ್ಟಿಸಿದರೆ ಅದರ ಕೆಳಗಿನದೆಲ್ಲವೂ ಮರಗಟ್ಟಿ, ನೋವಿನ ಜಾಗವನ್ನು ಬೇರ್ಪಡಿಸುವ ದಾರಿಯೇ ಉಳಿಯುವುದಿಲ್ಲ. ಮೊಣಕಾಲಿನ ಕೆಳಗೆ ಸ್ನಾಯುಗಳಿಲ್ಲದ್ದರಿಂದಲೇ, ನರಗಳನ್ನು ನಿಲ್ಲಿಸಿದರೂ ಕುದುರೆ ನಡೆಯಬಲ್ಲದು ಎಂಬ ಆಧಾರದ ಮೇಲೆ ಈ ವಿಧಾನ ನಿಂತಿದೆ. ಅದನ್ನು ಹೆಗಲಿಗೆ ಕೊಡಿಸುವುದೆಂದರೆ, ಮೊದಲೇ ಮಾತು ನಿಂತ ನರದ ಬಾಯಿಗೆ ಇನ್ನೊಂದು ಬೀಗ ಹಾಕಿದಂತೆ. ಖಂಡಿತ ಬೇಡ.

ಇದೇ ಡಿಜಿಟಲ್ ನರಗಳನ್ನು ಶಸ್ತ್ರಚಿಕಿತ್ಸೆಯಿಂದ ತುಂಡರಿಸಿ, ಗೊರಸಿನ ಹಿಂಭಾಗದ ಹಳೆಯ ನೋವನ್ನು ಅಡಗಿಸುವ ಪದ್ಧತಿಯೂ ಇದೆ. ನೀವು ಕೇಳಿಲ್ಲವಾದರೂ, ಯಾರಾದರೂ ಸಲಹೆ ಕೊಟ್ಟಾರು ಎಂದು ಹೇಳುತ್ತಿದ್ದೇನೆ. ನನ್ನ ಮಟ್ಟಿಗೆ, ಕರಾವಳಿಯಲ್ಲಿ ದುಡಿಯುವ ಕುದುರೆಗೆ ಇದು ಒಗ್ಗದ ಚಿಕಿತ್ಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು ಮೆತ್ತಗಾದ ಗೊರಸಿಗೆ ಮೊಳೆಯೋ ಗಾಜಿನ ಚೂರೋ ಮೀನಿನ ಗಾಳವೋ ಹೊಕ್ಕರೆ ಅರಿವಿಲ್ಲದ ಕುದುರೆ ಕುಂಟುವುದೇ ಇಲ್ಲ; ಕೀವು ಒಳಗೇ ಹರಡಿ ಬಹಳ ತಡವಾಗಿ ಗೊತ್ತಾಗುತ್ತದೆ. ತುಂಡರಿಸಿದ ತುದಿಯಲ್ಲಿ ನೋವಿನ ಗಂಟು ಬೆಳೆಯುವುದೂ, ನರ ಮತ್ತೆ ಬೆಳೆದು ನೋವು ಮರುಕಳಿಸುವುದೂ ಉಂಟು.

ಇನ್ನು ನಿಮ್ಮ ಕುದುರೆಯ ಭವಿಷ್ಯ. ನರದ ಗಾಯದಲ್ಲಿ ಮೂರು ತರಗತಿಗಳಿವೆ. ಸೆಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು 1943ರಲ್ಲಿ ಮಾಡಿದ ಈ ವಿಂಗಡಣೆ ಮನುಷ್ಯರಿಗೂ ಪ್ರಾಣಿಗಳಿಗೂ ಇಂದಿಗೂ ಬಳಕೆಯಲ್ಲಿದೆ. ಮೊದಲನೆಯದರಲ್ಲಿ ನರತಂತು ಅಖಂಡವಾಗಿದ್ದು ಸುದ್ದಿ ಹರಿಯುವುದಷ್ಟೇ ನಿಂತಿರುತ್ತದೆ. ದಿನಗಳಲ್ಲಿ ಇಲ್ಲವೇ ವಾರಗಳಲ್ಲಿ ಸರಿಹೋಗುತ್ತದೆ, ನಾನು ಮೇಲೆ ಹೇಳಿದ ಅಂಗಳದ ಕುದುರೆಯದು ಈ ಬಗೆಯದು. ಎರಡನೆಯದರಲ್ಲಿ ಒಳಗಿನ ತಂತು ತುಂಡಾಗಿ, ಹೊರಗಿನ ಕೊಳವೆ ಉಳಿದಿರುತ್ತದೆ. ತಂತು ಆ ಕೊಳವೆಯಲ್ಲಿ ಮತ್ತೆ ಬೆಳೆಯಬಲ್ಲದು. ಮೂರನೆಯದರಲ್ಲಿ ಎಲ್ಲವೂ ಕತ್ತರಿಸಿಹೋಗಿರುತ್ತದೆ. ಸ್ನಾಯು ಇಷ್ಟು ಬೇಗ ಇಷ್ಟು ಸ್ಪಷ್ಟವಾಗಿ ಇಳಿದಿರುವುದರಿಂದ ನಿಮ್ಮ ಕುದುರೆಯದು ಮೊದಲನೆಯ ಬಗೆಯಲ್ಲ. ಚರ್ಮ ಸೀಳದ ಮೊಂಡು ಪೆಟ್ಟಾದ್ದರಿಂದ ಮೂರನೆಯದಾಗಿರುವ ಸಂಭವವೂ ಕಡಿಮೆ. ಎರಡನೆಯದೆಂದು ಇಟ್ಟುಕೊಂಡರೆ, ನರ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ. ಪೆಟ್ಟು ಬಿದ್ದ ತಿರುವಿನಿಂದ ಹಿಂದಿನ ಸ್ನಾಯುವಿನೊಳಕ್ಕೆ 10–15 ಸೆಂಟಿಮೀಟರ್ ಎಂದರೂ ಮೂರರಿಂದ ಐದು ತಿಂಗಳು ಬೇಕು. ಈ ಲೆಕ್ಕದಲ್ಲಿ ನೀವು ಅದೃಷ್ಟವಂತರೇ: ಇದೇ ಗಾಯ ಕಂಕುಳಿನಲ್ಲಿ ರೇಡಿಯಲ್ ನರಕ್ಕೆ ಆಗಿದ್ದರೆ, ಮುಂದೋಳಿನ ಸ್ನಾಯುಗಳನ್ನು ತಲುಪಲು ಅರ್ಧ ಮೀಟರಿನಷ್ಟು ದಾರಿಯನ್ನು, ಅಂದರೆ ಒಂದೂವರೆ ವರ್ಷದ ಹಾದಿಯನ್ನು ಕ್ರಮಿಸಬೇಕಾಗಿತ್ತು, ಅಷ್ಟು ಹೊತ್ತಿಗೆ ಸ್ನಾಯು ನಾರುಗಟ್ಟಿ, ನರ ಬಂದರೂ ಕೇಳುವವರಿಲ್ಲದ ಮನೆಯಾಗಿರುತ್ತಿತ್ತು.

ನಾನು ಕುದುರೆಯನ್ನು ಕಣ್ಣಾರೆ ನೋಡದೆ ಬರೆಯುತ್ತಿರುವುದರಿಂದ, ನಿಮ್ಮ ವೈದ್ಯರಿಂದ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ. ಟ್ರೈಸೆಪ್ಸ್ ಮತ್ತು ಮುಂದೋಳಿನ ಸ್ನಾಯುಗಳೂ ಇಳಿದಿವೆಯೇ? ಅವೂ ಇಳಿದಿದ್ದರೆ ಒಂದೇ ನರದ ಮಾತಲ್ಲ, ಕಂಕುಳಿನ ಜಾಲಕ್ಕೇ ಪೆಟ್ಟಾಗಿರಬಹುದು, ಅಥವಾ ನೋವಿನಿಂದ ಕಾಲನ್ನು ಬಳಸದೆ ಇಡೀ ಕಾಲು ಬಡವಾಗಿರಬಹುದು. ಹೆಗಲೆಲುಬಿನ ಮುಂತುದಿಯ ಉಬ್ಬು ಬಿರುಕು ಬಿಟ್ಟಿದೆಯೇ? ಇದೇ ಬಗೆಯ ಪೆಟ್ಟಿನಲ್ಲಿ ಅದು ಮುರಿಯುವುದುಂಟು, ಎಕ್ಸ್‌ರೇ ಇಲ್ಲದೆ ತಿಳಿಯದು. ಉರಿಯೂತ ಇಳಿಸುವ ಔಷಧಗಳಿಗೆ ಮೊದಲ ದಿನಗಳಲ್ಲಿ ಅರ್ಥವಿತ್ತು. ಒಂದು ತಿಂಗಳ ಮೇಲೆ ಅವನ್ನು ಮುಂದುವರಿಸಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆಯೇ ಹೊರತು ನರಕ್ಕೆ ಲಾಭವಿಲ್ಲ. ಬರೆ ಹಾಕಿಸಬೇಡಿ. ಸುಟ್ಟ ಚರ್ಮಕ್ಕೂ ಅದರಡಿ ಆಳದಲ್ಲಿರುವ ನರಕ್ಕೂ ಸಂಬಂಧವಿಲ್ಲ. ಗಾಯ ಮಾಯುವಾಗ ಚರ್ಮ ಬಿಗಿದುಕೊಂಡು ಹೆಗಲು ತುಂಬಿದಂತೆ ಕಾಣುವುದನ್ನೇ ಗುಣವೆಂದು ಭ್ರಮಿಸುತ್ತಾರೆ. ಎಣ್ಣೆ ಹಚ್ಚಿ ಮೆಲ್ಲನೆ ತಿಕ್ಕುವುದರಿಂದ ಹಾನಿಯಿಲ್ಲ, ಆದರೆ ಅದು ನರವನ್ನು ಬೆಳೆಸುವುದಿಲ್ಲ.

ಹೆಗಲು ಹೊರಕ್ಕೆ ಜರುಗುವುದು ನಿಲ್ಲುವವರೆಗೆ ಕುದುರೆಯ ಮೇಲೆ ಯಾರನ್ನೂ ಕೂರಿಸಬೇಡಿ. ಪ್ರತಿ ಹೆಜ್ಜೆಗೂ ಜಾರುವ ಕೀಲು ಸವೆದು, ನರ ಮರಳಿದ ಮೇಲೂ ಕುಂಟು ಉಳಿಯುವಂತಾಗುತ್ತದೆ. ಮರಳಿನಲ್ಲಿ ಕಾಲು ಹುದುಗಿ ತಿರುಚುವುದರಿಂದ ಕಡಲತೀರ ಸದ್ಯಕ್ಕೆ ಬೇಡ. ಸಮವಾದ ಗಟ್ಟಿ ನೆಲದ ಮೇಲೆ, ಕೈಯಲ್ಲಿ ಹಗ್ಗ ಹಿಡಿದು, ವೈದ್ಯರು ಒಪ್ಪಿದ ಮೇಲೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ. ಹದಿನೈದು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನ ಬೆಳಕಿನಲ್ಲಿ, ಎರಡೂ ಹೆಗಲುಗಳ ಫೋಟೋ ತೆಗೆದಿಡಿ. ಗುಣವಾಗುವುದಿದ್ದರೆ ಏಣಿನ ಮುಂದಿನ ತಗ್ಗು ಮೊದಲು ತುಂಬತೊಡಗುವ ಸಂಭವ ಹೆಚ್ಚು, ಏಕೆಂದರೆ ನರ ಮೊದಲು ತಲುಪುವುದು ಆ ಸ್ನಾಯುವನ್ನು. ಪೆಟ್ಟು ಬಿದ್ದಂದಿನಿಂದ ಮೂರು ತಿಂಗಳು ಕಳೆದರೂ ಯಾವ ಬದಲಾವಣೆಯೂ ಕಾಣದಿದ್ದರೆ, ಗಾಯದ ಗಂಟು ನರವನ್ನು ಎಲುಬಿಗೆ ಒತ್ತಿಹಿಡಿದಿರಬಹುದು. ಆಗ ಆ ಗಂಟನ್ನು ಬಿಡಿಸಿ, ನರದಡಿಯ ಎಲುಬಿನ ಅಂಚನ್ನು ಅರ್ಧಚಂದ್ರಾಕಾರವಾಗಿ ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯೊಂದಿದೆ. ಅದರಿಂದ ದುರ್ಬಲವಾದ ಎಲುಬು ಕುದುರೆ ಅರಿವಳಿಕೆಯಿಂದ ಏಳುವಾಗ ಮುರಿಯುವ ಅಪಾಯವೂ ಇರುವುದರಿಂದ, ದೊಡ್ಡ ಪ್ರಾಣಿಗಳ ಶಸ್ತ್ರವಿಭಾಗವಿರುವ ಕಡೆ ಮಾತ್ರ ಮಾಡಿಸತಕ್ಕದ್ದು. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಮೊದಲು ಆ ಫೋಟೋಗಳನ್ನೂ ಎಕ್ಸ್‌ರೇಯನ್ನೂ ಮಾತ್ರ ತೆಗೆದುಕೊಂಡು ಹೋಗಿ ಕೇಳಿ ಬನ್ನಿ. ಹೆಗಲು ಜರುಗುವ ಕುದುರೆಯನ್ನು ಲಾರಿಯಲ್ಲಿ ನಿಲ್ಲಿಸಿ ಘಟ್ಟದ ತಿರುವುಗಳನ್ನು ಹತ್ತಿಸುವುದು, ಅವರು ಕರೆದ ಮೇಲೆ ಮಾಡಬೇಕಾದ ಕೆಲಸ.